ಮೋಡದ ಬೆನ್ನು ಹತ್ತಿದವರು



2020ರ ಅಕ್ಟೋಬರ್ ತಿಂಗಳು ನಿಮಗೆ ನೆನಪಿರಬೇಕು. ಆ ತಿಂಗಳ 13ರ ಬೆಳಿಗ್ಗೆ ಬಂಗಾಳ ಕೊಲ್ಲಿಯ ಒಂದು ದೊಡ್ಡ ವಾಯುಭಾರ ಕುಸಿತ ಕಾಕಿನಾಡದ ಹತ್ತಿರ ನೆಲ ಮುಟ್ಟಿತು. ನೆಲ ಮುಟ್ಟಿದ ಮೇಲೆ ಅದು ತಣ್ಣಗಾಗಬೇಕಿತ್ತು. ಆಗಲಿಲ್ಲ. ತೆಲಂಗಾಣವನ್ನು ಅಡ್ಡಲಾಗಿ ದಾಟಿ, ಹೈದರಾಬಾದ್ ಪಟ್ಟಣವನ್ನು ನೀರಿನಲ್ಲಿ ಮುಳುಗಿಸಿ, ನಮ್ಮ ತಾಂಡೂರು, ಜಹೀರಾಬಾದ್ ಸೀಮೆಯ ಮೇಲೆ ಹಾಯ್ದು, ಮರುದಿನ ಕಲಬುರಗಿಯ ಕಡೆಗೆ ನಡೆಯಿತು. ನಾವು ಕಾಗಿಣಾ ಅನ್ನುವ, ನೆರೆಯವರು ಕಾಗ್ನಾ ಅನ್ನುವ ಹೊಳೆ ದಂಡೆ ಮೀರಿತು. ಹೂವಿಗೆ ಬಂದಿದ್ದ ತೊಗರಿ ನೀರಿನಲ್ಲಿ ನಿಂತಿತು.

ಕಾಕಿನಾಡದಿಂದ ನಮ್ಮ ದೌಲತಾಬಾದಿಗೆ ಸುಮಾರು ಐದು ನೂರು ಕಿಲೋಮೀಟರು. ಸಮುದ್ರವನ್ನು ಕಣ್ಣಿನಿಂದ ಕಾಣದೆ ಬಾಳಿ ಸತ್ತ ಹಿರಿಯರು ನಮ್ಮಲ್ಲಿ ಎಷ್ಟೋ ಜನ. ಆದರೂ ನಮ್ಮ ಹೊಲದ ಮೇಲೆ ಬೀಳುವ ನೀರಿನಲ್ಲಿ ಬಹುಪಾಲು ಸಮುದ್ರದಿಂದ ಎದ್ದು ಬಂದದ್ದೇ. ಹಾಗಾದರೆ ಆ ಮೋಡ ಅಲ್ಲಿ ಯಾವಾಗ ಹುಟ್ಟುತ್ತದೆ, ಯಾವ ದಾರಿ ಹಿಡಿಯುತ್ತದೆ, ಒಂದು ಸಲ ಬಂದು ಇನ್ನೊಂದು ಸಲ ಏಕೆ ಬರುವುದಿಲ್ಲ? ಇಷ್ಟನ್ನೇ ಕೇಳುತ್ತ ಒಂದು ಇಡೀ ಜೀವಮಾನ ಕಳೆದ ಒಬ್ಬ ಹೆಣ್ಣುಮಗಳ ವಿಷಯ ಇವತ್ತು ನಿಮಗೆ ಹೇಳಬೇಕೆಂದಿದ್ದೇನೆ. ಅವರ ಹೆಸರು ಸುಲೋಚನಾ ಗಾಡ್ಗೀಳ್. 2025ರ ಜುಲೈ ತಿಂಗಳಲ್ಲಿ, ಮಳೆಗಾಲದ ನಟ್ಟನಡುವೆ, ತಮ್ಮ 81ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅವರ ಮಾತಿಗೆ ಬರುವ ಮುಂಚೆ ಇನ್ನೊಬ್ಬರ ಕಥೆ ಸ್ವಲ್ಪ ಕೇಳಿ. ಬಿರುಗಾಳಿಯ ಬೆನ್ನಟ್ಟುವವರು ಎಂದರೆ ಜಗತ್ತಿನಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ಅಮೆರಿಕದವರು. ಅಲ್ಲಿ ನಡುನಾಡಿನ ಬಯಲು ಸೀಮೆಯಲ್ಲಿ ಏಪ್ರಿಲ್ ಮೇ ಜೂನ್ ತಿಂಗಳಲ್ಲಿ ಸುಂಟರಗಾಳಿ ಏಳುತ್ತದೆ. ನಮ್ಮ ಬೇಸಿಗೆಯ ಸುಳಿಗಾಳಿ ಕಸಕಡ್ಡಿ ಎತ್ತಿ ಆಡಿಸುತ್ತದಲ್ಲ, ತೆಲುಗಿನಲ್ಲಿ ಸುಡಿಗಾಲಿ ಅನ್ನುತ್ತಾರಲ್ಲ, ಅದರಂಥದ್ದಲ್ಲ ಅದು. ಗುಡುಗಿನ ಮೋಡದ ಹೊಟ್ಟೆಯಿಂದ ಸೊಂಡಿಲಿನಂತೆ ಇಳಿದು ಮನೆಯನ್ನು ಬುಡಸಹಿತ ಕಿತ್ತುಕೊಂಡು ಹೋಗುವ ಗಾಳಿ. ಜನ ಅದನ್ನು ಕಂಡು ಓಡಿಹೋಗುತ್ತಾರೆ. ಕೆಲವರು ಮಾತ್ರ ಕಾರು ಹತ್ತಿ ಅದರ ಕಡೆಗೇ ಓಡುತ್ತಾರೆ.

ಅಂಥವರಲ್ಲಿ ಹೆಸರಾದವರು ಟಿಮ್ ಸಮರಾಸ್. 1957ರಲ್ಲಿ ಕೊಲರಾಡೋ ರಾಜ್ಯದಲ್ಲಿ ಹುಟ್ಟಿದವರು. ಕಾಲೇಜಿನ ಪದವಿ ಇರಲಿಲ್ಲ. ಚಿಕ್ಕಂದಿನಿಂದ ರೇಡಿಯೋ ಬಿಚ್ಚಿ ಜೋಡಿಸುತ್ತ ಎಂಜಿನಿಯರಿಂಗ್ ಕಲಿತವರು. ಅವರಿಗೆ ಗಾಳಿಯ ಚಿತ್ರ ತೆಗೆಯುವುದಕ್ಕಿಂತ ಅದರ ಹೊಟ್ಟೆಯೊಳಗೆ ಏನಿದೆ ಎಂದು ಅಳೆಯುವ ಆಸೆ. ಆಮೆಯ ಬೆನ್ನಿನಂತೆ ನೆಲಕ್ಕೆ ಅಂಟಿ ಕೂರುವ ಒಂದು ಲೋಹದ ಪೆಟ್ಟಿಗೆ ಮಾಡಿ, ಒಳಗೆ ಒತ್ತಡ ಅಳೆಯುವ ಉಪಕರಣ ಇಟ್ಟು, ಸುಂಟರಗಾಳಿ ಬರುವ ದಾರಿಯಲ್ಲಿ ಇಟ್ಟು ಓಡಿಬರುತ್ತಿದ್ದರು. 2003ರ ಜೂನ್ 24ರಂದು ಸೌತ್ ಡಕೋಟಾದ ಮ್ಯಾಂಚೆಸ್ಟರ್ ಎಂಬ ಪುಟ್ಟ ಊರಿನ ಬಳಿ ಗಾಳಿ ಸರಿಯಾಗಿ ಪೆಟ್ಟಿಗೆಯ ಮೇಲೇ ಹಾಯಿತು. ಕ್ಷಣಮಾತ್ರದಲ್ಲಿ ಗಾಳಿಯ ಒತ್ತಡ ನೂರು ಮಿಲಿಬಾರ್ ಕುಸಿದದ್ದು ದಾಖಲಾಯಿತು. ನೂರು ಮಿಲಿಬಾರ್ ಎಂದರೆ ಎಷ್ಟು? ನೀವು ನಿಂತಲ್ಲಿಂದ ಒಮ್ಮೆಲೇ ಹತ್ತಿರ ಹತ್ತಿರ ಒಂದು ಕಿಲೋಮೀಟರು ಎತ್ತರಕ್ಕೆ ಹಾರಿದರೆ ಕಿವಿಗೆ ಏನಾಗುತ್ತದೋ ಅಷ್ಟು. ಅಂಥ ಅಳತೆ ಅದಕ್ಕೆ ಮೊದಲು ಯಾರಿಗೂ ಸಿಕ್ಕಿರಲಿಲ್ಲ.

ಅವರು ಎಚ್ಚರಿಕೆಯ ಮನುಷ್ಯ ಎಂದೇ ಎಲ್ಲರೂ ಹೇಳುತ್ತಿದ್ದರು. ಆದರೆ 2013ರ ಮೇ 31ರಂದು ಓಕ್ಲಹೋಮಾದ ಎಲ್ ರೀನೋ ಬಳಿ ಎದ್ದ ಸುಂಟರಗಾಳಿ ನಾಲ್ಕು ಕಿಲೋಮೀಟರಿಗೂ ಹೆಚ್ಚು ಅಗಲ ಹಬ್ಬಿ, ಇದ್ದಕ್ಕಿದ್ದಂತೆ ದಾರಿ ಬದಲಿಸಿ, ಅವರ ಕಾರನ್ನು ಹಿಡಿಯಿತು. 55 ವರ್ಷದ ಟಿಮ್, 24 ವರ್ಷದ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್, ಮೂವರೂ ಹೋದರು.

ಈ ಕಥೆಯನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ಟಿಮ್ ಬೆನ್ನಟ್ಟಿದ ಗಾಳಿಯ ಆಯಸ್ಸು ಹೆಚ್ಚೆಂದರೆ ಒಂದೆರಡು ತಾಸು. ನಮ್ಮ ಜೀವ ಹಿಡಿದಿರುವ ಮೋಡದ ಆಯಸ್ಸು ವಾರಗಟ್ಟಲೆ, ಅದರ ಹಾದಿ ಸಾವಿರ ಮೈಲಿ. ಅದನ್ನು ಕಾರಿನಲ್ಲಿ ಬೆನ್ನಟ್ಟಲು ಆಗುವುದಿಲ್ಲ. ಅದಕ್ಕೆ ಬೇರೆ ತರದ ಹಟ ಬೇಕು. ಆ ಹಟ ಸುಲೋಚನಾ ಅವರಿಗೆ ಇತ್ತು.

ಅವರು ಹುಟ್ಟಿದ್ದು 1944ರಲ್ಲಿ, ಪುಣೆಯಲ್ಲಿ. ಮನೆಮಾತು ಮರಾಠಿ. ಬಾಲ್ಯದಲ್ಲಿ ಸ್ವಲ್ಪ ಕಾಲ ಆಂಧ್ರದ ರಿಷಿವ್ಯಾಲಿ ಶಾಲೆಯಲ್ಲಿ ಓದಿದರು. ಪುಣೆಗೆ ಮರಳಿ ಫರ್ಗ್ಯೂಸನ್ ಕಾಲೇಜು, ಆಮೇಲೆ ಗಣಿತ. ಮದುವೆಯಾದ ಮೇಲೆ ಗಂಡ ಹೆಂಡತಿ ಇಬ್ಬರೂ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಗಂಡ ಮಾಧವ ಗಾಡ್ಗೀಳ್. ಪಶ್ಚಿಮ ಘಟ್ಟದ ವರದಿಯಿಂದ ಆ ಹೆಸರು ನಿಮ್ಮಲ್ಲಿ ಹಲವರು ಕೇಳಿಯೇ ಇರುತ್ತೀರಿ. ಸುಲೋಚನಾ ಅವರು ಅಲ್ಲಿ ಅಟ್ಲಾಂಟಿಕ್ ಸಮುದ್ರದೊಳಗೆ ಹರಿಯುವ ಗಲ್ಫ್ ಸ್ಟ್ರೀಮ್ ಎಂಬ ಬಿಸಿ ಪ್ರವಾಹದ ಬಗ್ಗೆ ಅಭ್ಯಾಸ ಮಾಡಿ 1970ರಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ಹವಾಮಾನ ಶಾಸ್ತ್ರದ ದೊಡ್ಡ ಹೆಸರಾದ ಜೂಲ್ ಚಾರ್ನಿ ಅವರ ಹತ್ತಿರ ಕೆಲಸ.

ಅಲ್ಲೇ ಉಳಿಯಬಹುದಿತ್ತು. 1971ರಲ್ಲಿ ಇಬ್ಬರೂ ತಿರುಗಿ ಬಂದರು. ಮಳೆಯನ್ನು ತಿಳಿಯಬೇಕೆಂದರೆ ಮಳೆ ಬೀಳುವ ನಾಡಿನಲ್ಲಿ ಕೂತೇ ತಿಳಿಯಬೇಕು ಎಂಬುದು ಅವರ ಲೆಕ್ಕ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ಎರಡು ವರ್ಷ. ಅಲ್ಲಿ ಡಿ. ಆರ್. ಸಿಕ್ಕಾ ಎಂಬ ಅನುಭವಿ ಹವಾಮಾನ ತಜ್ಞರ ಪರಿಚಯವಾಯಿತು. 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಬೆಂಗಳೂರಿನ ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವುದು ಅದನ್ನೇ. ಅಲ್ಲಿಂದ ಮುಂದೆ ಅವರ ಕೆಲಸವೆಲ್ಲ ಕನ್ನಡ ನಾಡಿನಲ್ಲಿಯೇ.

ಈಗ ಒಂದು ಪ್ರಶ್ನೆ ಕೇಳುತ್ತೇನೆ. ಮುಂಗಾರು ಏಕೆ ಬರುತ್ತದೆ? ಶಾಲೆಯಲ್ಲಿ ನಮಗೆಲ್ಲ ಕಲಿಸಿದ ಉತ್ತರ ಹೀಗಿದೆ. ಬೇಸಿಗೆಯಲ್ಲಿ ನೆಲ ಕಾಯುತ್ತದೆ, ಸಮುದ್ರ ಅಷ್ಟು ಕಾಯುವುದಿಲ್ಲ. ಕಾದ ನೆಲದ ಮೇಲಿನ ಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ಸಮುದ್ರದ ತಂಪು ಗಾಳಿ ನೀರು ಹೊತ್ತು ನುಗ್ಗುತ್ತದೆ. ಇದನ್ನು ಮೊದಲು ಹೇಳಿದವರು 1686ರಲ್ಲಿ, ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ. ಮೂರು ನೂರು ವರ್ಷದಿಂದ ಇದೇ ಪಾಠ.

ಈ ಪಾಠ ಸರಿಯೋ ತಪ್ಪೋ ಎಂದು ನೋಡಲು ನಿಮಗೆ ಯಾವ ಉಪಕರಣವೂ ಬೇಡ. ನಿಮ್ಮ ನೆನಪು ಸಾಕು. ನೆಲ ಹೆಚ್ಚು ಕಾಯುವುದು ಯಾವ ತಿಂಗಳಲ್ಲಿ? ಮೇ ತಿಂಗಳಲ್ಲಿ. ಮಳೆ ಹೆಚ್ಚು ಬರುವುದು? ಜುಲೈ ಆಗಸ್ಟಿನಲ್ಲಿ, ನೆಲ ತಣ್ಣಗಾದ ಮೇಲೆ. ಸರಿ, ಇನ್ನೊಂದು. ಮಳೆ ಕೈಕೊಟ್ಟ ವರ್ಷ ಜುಲೈ ತಿಂಗಳ ನೆಲ ಹೇಗಿತ್ತು? ಬೂದಿಯಂತೆ ಕಾದಿತ್ತು. ಚೆನ್ನಾಗಿ ಮಳೆಯಾದ ವರ್ಷ? ತಣ್ಣಗಿತ್ತು. ನೆಲ ಕಾದಷ್ಟೂ ಮಳೆ ಎನ್ನುವುದಾದರೆ ಬರಗಾಲದ ವರ್ಷವೇ ಹೆಚ್ಚು ಮಳೆ ಬರಬೇಕಿತ್ತಲ್ಲ? ಅಂದರೆ ಬಿಸಿಲಿನಿಂದ ಮಳೆ ಬರುವುದಲ್ಲ, ಮಳೆ ಬಾರದ್ದರಿಂದ ಬಿಸಿಲು ನಿಂತದ್ದು. ಸುಲೋಚನಾ ಅವರು ಈ ವಾದವನ್ನು ಜೀವನದುದ್ದಕ್ಕೂ ಬಿಡದೆ ಮಂಡಿಸಿದರು. ಆದರೂ ಪಠ್ಯಪುಸ್ತಕಗಳು ಇನ್ನೂ ಪೂರ್ತಿ ಬದಲಾಗಿಲ್ಲ. ನಿಮ್ಮ ಮಕ್ಕಳ ಪುಸ್ತಕ ತೆರೆದು ನೋಡಿ.

ಹಾಗಾದರೆ ನಿಜವಾದ ಕಾರಣವೇನು? ಅದಕ್ಕೆ ಅವರು ಮೋಡದ ಬೆನ್ನು ಹತ್ತಿದರು. ಆಗ ತಾನೆ ಉಪಗ್ರಹಗಳು ಆಕಾಶದಿಂದ ಭೂಮಿಯ ಚಿತ್ರ ತೆಗೆದು ಕಳಿಸುವ ಕಾಲ. ಸುಲೋಚನಾ ಮತ್ತು ಸಿಕ್ಕಾ ಇಬ್ಬರೂ 1973ರಿಂದ 1977ರವರೆಗಿನ ಐದು ವರ್ಷದ ಚಿತ್ರಗಳನ್ನು ಮುಂದಿಟ್ಟುಕೊಂಡರು. ಏಪ್ರಿಲಿನಿಂದ ಅಕ್ಟೋಬರಿನವರೆಗೆ, ಒಂದೊಂದು ದಿನದ ಚಿತ್ರ. ಭಾರತದ ಮೇಲೆ, ಅದರ ದಕ್ಷಿಣದ ಸಮುದ್ರದ ಮೇಲೆ ಆ ದಿನ ಮೋಡದ ದಟ್ಟ ಪಟ್ಟಿ ಎಲ್ಲಿತ್ತು ಎಂದು ಗುರುತು ಹಾಕುವುದು. ಮರುದಿನ ಅದು ಎಲ್ಲಿಗೆ ಸರಿಯಿತು ಎಂದು ಮತ್ತೆ ಗುರುತು. ಅವರು ನೋಡಿದ್ದು 70ರಿಂದ 90ನೆಯ ರೇಖಾಂಶದ ನಡುವಿನ ಪಟ್ಟಿ. ನಮ್ಮ ತಾಂಡೂರು 77 ದಾಟಿದ ರೇಖಾಂಶದಲ್ಲಿದೆ. ಹಾಗಾಗಿ ಆ ಐದು ಮಳೆಗಾಲಗಳಲ್ಲಿ ನಮ್ಮ ತಲೆಯ ಮೇಲೆ ಹಾಯ್ದ ಮೋಡವೂ ಆ ಲೆಕ್ಕದಲ್ಲಿ ಸೇರಿದೆ ಎಂದು ತಿಳಿಯಿರಿ.

ಕಂಡದ್ದೇನು? ಭೂಮಿಯ ನಡುಗೆರೆಯ ಹತ್ತಿರ, ಉತ್ತರದ ಗಾಳಿಯೂ ದಕ್ಷಿಣದ ಗಾಳಿಯೂ ಬಂದು ಕೂಡುವ ಕಡೆ, ಒಂದು ಮೋಡದ ಸಾಲು ಯಾವಾಗಲೂ ಇರುತ್ತದೆ. ಸೂರ್ಯ ಉತ್ತರಕ್ಕೆ ಸರಿದಂತೆ ಅದೂ ಸರಿಯುತ್ತದೆ. ಬೇರೆ ದೇಶಗಳಲ್ಲಿ ಅದು ಸ್ವಲ್ಪ ಸರಿದು ನಿಲ್ಲುತ್ತದೆ. ನಮ್ಮಲ್ಲಿ ಮಾತ್ರ ಅದು ಸಮುದ್ರ ಬಿಟ್ಟು ನೆಲದ ಮೇಲೆ ಏರಿ ಗಂಗಾ ಬಯಲಿನವರೆಗೂ ಹೋಗುತ್ತದೆ. ಮುಂಗಾರು ಎಂದರೆ ಈ ಮೋಡದ ಸಾಲಿನ ಪಯಣ. ನೆಲ ಕಾಯಬೇಕು, ಅದು ಸಾಲಿಗೆ ದಾರಿ ಮಾಡುತ್ತದೆ. ಆದರೆ ನೆಲದ ಕಾವು ಕರೆ ಅಷ್ಟೆ, ಮಳೆಯ ಅಳತೆಯಲ್ಲ.

ಇನ್ನೂ ಮುಖ್ಯವಾದ ಸಂಗತಿ ಮುಂದಿದೆ. ಮಳೆಗಾಲದಲ್ಲಿ ಮೋಡಕ್ಕೆ ಎರಡು ಮನೆ. ಒಂದು ನೆಲದ ಮೇಲೆ, ಇನ್ನೊಂದು ನಡುಗೆರೆಯ ಬಳಿಯ ಬೆಚ್ಚನೆಯ ಸಮುದ್ರದ ಮೇಲೆ. ಎರಡೂ ಒಂದಕ್ಕೊಂದು ಸವತಿಯರಿದ್ದಂತೆ. ನೆಲದ ಸಾಲು ಸೊರಗಿದಾಗ ನಮಗೆ ಮಳೆ ಬಿಡುವು ಕೊಡುತ್ತದೆ. ನಾವು ಹೊಳವು ಬಿತ್ತು ಅನ್ನುತ್ತೇವೆ, ನಮ್ಮ ತೆಲುಗು ನೆರೆಯವರು ಬೆಟ್ಟ ಅನ್ನುತ್ತಾರೆ. ಕನ್ನಡದ ಬೆಟ್ಟ ಅಲ್ಲ ಅದು, ಆದರೆ ಎದೆಯ ಮೇಲೆ ಕೂರುವ ಭಾರ ಅಷ್ಟೇ. ಆಗ ಸಮುದ್ರದ ಮೇಲೆ ಹೊಸ ಸಾಲು ಕಟ್ಟಿಕೊಂಡು ಮೆಲ್ಲಗೆ ಉತ್ತರಕ್ಕೆ ಹೆಜ್ಜೆ ಹಾಕಿ, ನೆಲದ ಮೇಲಿನ ಸೊರಗಿದ ಸಾಲಿಗೆ ಜೀವ ಕೊಡುತ್ತದೆ. ಎರಡರಿಂದ ಆರು ವಾರಕ್ಕೊಮ್ಮೆ ಹೀಗೆ ಹೊಸ ಸಾಲು ಬರುತ್ತದೆ. ಈ ಬರಹ 1980ರಲ್ಲಿ ಅಮೆರಿಕದ ಒಂದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು.

ನಮ್ಮ ಮಳೆ ನಕ್ಷತ್ರಗಳ ಲೆಕ್ಕಕ್ಕೂ ಇದಕ್ಕೂ ಹೋಲಿಸಿ ನೋಡಿ. ಮಿರಗ, ಆರಿದ್ರಾ, ಪುನರ್ವಸು, ಪುಷ್ಯ ಎಂದು ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ. ನೆರೆಯವರ ಕಾರ್ತೆಗಳೂ ಅವೇ. ಮಿರಗ ಪ್ರತಿ ವರ್ಷ ಜೂನ್ ಮೊದಲ ವಾರದ ಕೊನೆಗೇ ಹೂಡುತ್ತದೆ. ಆದರೆ ಮೋಡದ ಸಾಲಿಗೆ ಪಂಚಾಂಗ ಗೊತ್ತಿಲ್ಲ. ಒಂದು ವರ್ಷ ಹದಿನೈದು ದಿನಕ್ಕೆ ಬಂದರೆ ಇನ್ನೊಂದು ವರ್ಷ ನಲವತ್ತು ದಿನ ಕಾಯಿಸುತ್ತದೆ. ಹಿರಿಯರ ಲೆಕ್ಕ ಸುಳ್ಳೆಂದು ನಾನು ಹೇಳುತ್ತಿಲ್ಲ. ನೂರಾರು ವರ್ಷದ ಸರಾಸರಿ ಅದರೊಳಗಿದೆ. ಈ ವರ್ಷ ಏನಾಗುತ್ತದೆ ಎಂಬುದಷ್ಟೇ ಅದರೊಳಗಿಲ್ಲ.

ಮುಂದಿನ ಪ್ರಶ್ನೆ, ಸಮುದ್ರದ ಮೇಲೆ ಮೋಡ ಹುಟ್ಟುವುದಕ್ಕೆ ಏನು ಬೇಕು? ಚಹಾ ಕಾಯಿಸುವ ಪಾತ್ರೆಯಿಂದ ಹಬೆ ಏಳುವುದನ್ನು ನೋಡಿದ್ದೀರಿ. ಸಮುದ್ರದ ನೀರೂ ಬೆಚ್ಚಗಿದ್ದರೆ ಅದರ ಮೇಲಿನ ತೇವದ ಗಾಳಿ ಮೇಲೇಳುತ್ತದೆ. ಮೇಲೆ ಹೋಗಿ ತಣ್ಣಗಾದಾಗ ಹಬೆ ಹನಿಯಾಗುತ್ತದೆ. ಹನಿಯಾಗುವಾಗ ಅದು ತನ್ನೊಳಗಿದ್ದ ಕಾವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಆ ಕಾವಿನಿಂದ ಗಾಳಿ ಇನ್ನೂ ಮೇಲೇಳುತ್ತದೆ. ಹೀಗೆ ತನ್ನ ಕಾವಿನಿಂದ ತಾನೇ ಬೆಳೆದು ಹತ್ತು ಹದಿನೈದು ಕಿಲೋಮೀಟರು ಎತ್ತರದ ಮೋಡ ನಿಲ್ಲುತ್ತದೆ. ಎಷ್ಟು ಬೆಚ್ಚಗಿರಬೇಕು? 1984ರಲ್ಲಿ ಸುಲೋಚನಾ ಅವರು ತಮ್ಮ ಜೊತೆಯವರೊಂದಿಗೆ ಲೆಕ್ಕ ಹಾಕಿ ತೋರಿಸಿದ್ದು ಇದು: ಸಮುದ್ರದ ಮೇಲ್ಮೈ ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟದಿದ್ದರೆ ದೊಡ್ಡ ಮೋಡದ ಸಾಲು ಕಟ್ಟುವುದು ಅಪರೂಪ. ದಾಟಿದ ಮಾತ್ರಕ್ಕೆ ಕಟ್ಟಿಯೇ ಕಟ್ಟುತ್ತದೆ ಎಂದೂ ಇಲ್ಲ. ಹೊಲ ಹದವಾಗಿದ್ದರೆ ಬೀಜ ಮೊಳೆಯಬಹುದು, ಹದವಿಲ್ಲದಿದ್ದರೆ ಮೊಳೆಯುವುದೇ ಇಲ್ಲ, ಹಾಗೆ. ಮಳೆಗಾಲದುದ್ದಕ್ಕೂ ಬಂಗಾಳ ಕೊಲ್ಲಿ ಈ ಹದದಲ್ಲೇ ಇರುತ್ತದೆ. ನಮ್ಮ ಮೋಡದ ತವರು ಅದೇ.

ಅಂಥ ತವರನ್ನು ಹತ್ತಿರದಿಂದ ನೋಡಲು 1999ರ ಜುಲೈ ಆಗಸ್ಟಿನಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಬಾಬ್‌ಮೆಕ್ಸ್ ಎಂದು ಅದರ ಹೆಸರು. ಮೀನುಗಾರರ ದೋಣಿಗಳು ದಡಕ್ಕೆ ಮರಳುವ ಆ ಕಾಲದಲ್ಲಿ ಸಾಗರ ಕನ್ಯಾ, ಸಾಗರಧ್ವನಿ ಎಂಬ ಎರಡು ಹಡಗುಗಳು ಕೊಲ್ಲಿಯ ನಡುವೆ ಹೋಗಿ ನಿಂತವು. ಬಿರುಗಾಳಿ ಎದ್ದಾಗಲೂ ಆಕಾಶಕ್ಕೆ ಬಲೂನು ಹಾರಿಸಿ, ನೀರಿನ ಕಾವು, ಉಪ್ಪು, ಗಾಳಿಯ ವೇಗ ಅಳೆದರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಜಿ. ಎಸ್. ಭಟ್ ಅವರು ಮುಂದಾಳು. ಅಂಥ ಪ್ರಯೋಗ ಬೇಕೇಬೇಕೆಂದು ದೇಶದ ವಿಜ್ಞಾನಿಗಳನ್ನು ಒಟ್ಟುಗೂಡಿಸಿದವರಲ್ಲಿ ಸುಲೋಚನಾ ಒಬ್ಬರು. ಅಲ್ಲಿ ಕಂಡದ್ದು ಸ್ವಾರಸ್ಯವಾಗಿದೆ. ಮೋಡ ಬಂದಾಗ ಬಿಸಿಲು ಮರೆಯಾಗಿ, ಗಾಳಿ ಕಡೆದು, ಸಮುದ್ರ ತಣ್ಣಗಾಗುತ್ತದೆ. ಮೋಡ ಚೆದುರಿದ ಕೆಲವೇ ದಿನಕ್ಕೆ ಮತ್ತೆ ಬೆಚ್ಚಗಾಗುತ್ತದೆ. ಏಕೆಂದರೆ ಗಂಗೆ, ಬ್ರಹ್ಮಪುತ್ರ ಮೊದಲಾದ ನದಿಗಳ ಸಿಹಿನೀರು, ಮಳೆಯ ನೀರು ಉಪ್ಪುನೀರಿನ ಮೇಲೆ ಕೆನೆಯಂತೆ ತೆಳ್ಳಗೆ ಹಾಸಿಕೊಂಡಿರುತ್ತದೆ. ತೆಳ್ಳಗಿನ ಪದರ ಬೇಗ ಕಾಯುತ್ತದೆ. ನದಿಗಳು ಸಮುದ್ರಕ್ಕೆ ಸೇರಿ ವ್ಯರ್ಥವಾಗುತ್ತವೆ ಎಂದು ಭಾಷಣ ಮಾಡುವವರು ಇದನ್ನು ಒಮ್ಮೆ ಕೇಳಬೇಕು.

ಇಲ್ಲಿಯವರೆಗೆ ಸಮುದ್ರದ ಮಾತಾಯಿತು. ಈಗ ಹೊಲದ ಮಾತು. ನಾನು ಇವರನ್ನು ನಿಮಗೆ ನೆನಪಿಸಲು ಹೊರಟದ್ದು ಮುಖ್ಯವಾಗಿ ಇದಕ್ಕಾಗಿ.

ತುಮಕೂರು ಜಿಲ್ಲೆಯಲ್ಲಿ ಪಾವಗಡ ಎಂಬ ತಾಲ್ಲೂಕು ಇದೆ. ನಕಾಶೆಯಲ್ಲಿ ನೋಡಿದರೆ ಕರ್ನಾಟಕದಿಂದ ಒಂದು ಬೆರಳು ಆಂಧ್ರದೊಳಗೆ ಚಾಚಿದಂತೆ ಕಾಣುತ್ತದೆ. ಹೆಚ್ಚುಕಡಿಮೆ ಸುತ್ತಲೂ ಆಂಧ್ರವೇ. ಅಲ್ಲಿನ ಜನ ನಮ್ಮಂತೆಯೇ, ಮನೆಯಲ್ಲಿ ಒಂದು ಮಾತು, ಸಂತೆಯಲ್ಲಿ ಇನ್ನೊಂದು. ಮಳೆ ನಮಗಿಂತಲೂ ಕಡಿಮೆ, ವರ್ಷಕ್ಕೆ ಐನೂರು ಆರುನೂರು ಮಿಲಿಮೀಟರು. ಅಲ್ಲಿ ಬೆಳೆಯುವುದು ಶೇಂಗಾ. ಅವರು ಕಡಲೆಕಾಯಿ ಅನ್ನುತ್ತಾರೆ, ನಮ್ಮ ನೆರೆಯವರು ಪಲ್ಲಿ ಅನ್ನುತ್ತಾರೆ. ಬೆನ್ನ ಹಿಂದಿನ ಅನಂತಪುರ ಸೀಮೆಯಲ್ಲೂ ಅದೇ ಬೆಳೆ, ಅದೇ ಕಷ್ಟ.

ಸುಲೋಚನಾ ಅವರು ಅಲ್ಲಿಯ ರೈತರ ಜೊತೆ ಕೂತು ಕೆಲಸ ಮಾಡಿದರು. ಜೊತೆಗೆ ಪಿ. ಆರ್. ಶೇಷಗಿರಿ ರಾವ್ ಅವರಂಥ, ವಿಜ್ಞಾನವನ್ನೂ ಬೇಸಾಯವನ್ನೂ ಬಲ್ಲವರು ಇದ್ದರು. ವಿಜ್ಞಾನಿಗಳು ಹಳ್ಳಿಗೆ ಬರುವುದು ನಮಗೆ ಹೊಸದಲ್ಲ. ಬರುತ್ತಾರೆ, ಹೇಳುತ್ತಾರೆ, ಹೋಗುತ್ತಾರೆ. ಇವರು ಪ್ರಶ್ನೆ ಕೇಳುವ ಕೆಲಸವನ್ನು ರೈತರಿಗೇ ಬಿಟ್ಟರು. ನಿಮಗೆ ತಿಳಿಯಬೇಕಾದ್ದು ಯಾವುದು ಹೇಳಿ, ಅದನ್ನು ಮಳೆಯ ಲೆಕ್ಕದಲ್ಲಿ ಹುಡುಕೋಣ ಎಂದರು. ರೈತರು ಕೇಳಿದ್ದು ಒಂದೇ ದೊಡ್ಡ ಮಾತು: ಯಾವಾಗ ಬಿತ್ತಬೇಕು?

ಇದೇನು ದೊಡ್ಡ ಪ್ರಶ್ನೆ, ಹದವಾದಾಗ ಬಿತ್ತುವುದು ಎಂದು ನೀವು ಕೇಳಬಹುದು. ಹಿಂದಿನ ಕಾಲದಲ್ಲಿ ಆ ಸೀಮೆಯಲ್ಲಿ ರಾಗಿ, ಸಜ್ಜೆ, ನವಣೆ, ಅವರೆ, ತೊಗರಿ ಎಲ್ಲ ಕಲಸಿ ಬೆಳೆಯುತ್ತಿದ್ದರು. ಯಾವುದು ಹೋದರೂ ಯಾವುದೋ ಉಳಿಯುತ್ತಿತ್ತು. ಆ ಬೆಳೆಗಳಿಗೆ ಯಾವಾಗ ಬಿತ್ತಬೇಕೆಂದು ಅಜ್ಜಂದಿರ ಕಾಲದಿಂದ ಬಂದ ಜ್ಞಾನವಿತ್ತು. 1970ರ ದಶಕದಿಂದ ಈಚೆಗೆ ಹೊಲವೆಲ್ಲ ಶೇಂಗಾ ಆಯಿತು. ಹೊಸ ಬೆಳೆ, ಹೊಸ ತಳಿ. ಅದಕ್ಕೆ ಅಜ್ಜನ ಮಾತಿಲ್ಲ. ಹೊಸ ಬೆಳೆಯ ಗುಣ ತಿಳಿಯಲು ಒಬ್ಬ ರೈತನ ಜೀವಮಾನದ ಮೂವತ್ತು ನಲವತ್ತು ಮಳೆಗಾಲ ಸಾಲುವುದಿಲ್ಲ. ಇದು ಸುಲೋಚನಾ ಅವರು ಕಂಡ ಮೂಲ ಸಂಗತಿ. ನಮ್ಮ ಕಡೆಯೂ ಜೋಳದ ಹೊಲಕ್ಕೆ ಹತ್ತಿ ಬಂದಿತಲ್ಲ, ಆ ಹತ್ತಿಗೆ ಅಜ್ಜನ ಮಾತು ಎಲ್ಲಿದೆ?

ಅವರಿಗೆ ಒಂದು ಆಸರೆ ಸಿಕ್ಕಿತು. ಅನಂತಪುರದಲ್ಲಿ ಹಲವು ದಶಕಗಳ ಮಳೆಯ ದಿನದಿನದ ಲೆಕ್ಕ ಬರೆದಿಟ್ಟಿದ್ದರು. ಶೇಂಗಾ ಗಿಡ ಹೇಗೆ ಬೆಳೆಯುತ್ತದೆ, ಯಾವ ದಿನ ಎಷ್ಟು ನೀರು ಕೇಳುತ್ತದೆ ಎಂಬುದನ್ನು ಕಂಪ್ಯೂಟರಿಗೆ ಕಲಿಸಿ, ಆ ಹಳೆಯ ಮಳೆಯಲ್ಲಿ ಮತ್ತೆ ಮತ್ತೆ ಬಿತ್ತಿಸಿ ನೋಡಿದರು. ಈ ವರ್ಷ ಜೂನ್ ಕೊನೆಗೆ ಬಿತ್ತಿದ್ದರೆ ಏನಾಗುತ್ತಿತ್ತು? ಜುಲೈ ಕೊನೆಗೆ ಬಿತ್ತಿದ್ದರೆ? ಹಾಳೆಯ ಮೇಲೆ ಬಿತ್ತಿದ ಬೆಳೆ, ಬೀಜದ ಖರ್ಚಿಲ್ಲ, ಎತ್ತಿಗೆ ನೋವಿಲ್ಲ. ಒಬ್ಬ ರೈತ ಹತ್ತು ಜನ್ಮದಲ್ಲಿ ಕಾಣಲಾರದಷ್ಟು ಸುಗ್ಗಿಗಳನ್ನು ಅದು ಕಂಡಿತು.

ಉತ್ತರ ಬಂದದ್ದು ಹೀಗೆ. ಜೂನ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಅಲ್ಲಿ ಬಿತ್ತನೆ ನಡೆಯುತ್ತದೆ. ಮೊದಲ ಮಳೆಗೇ ಅವಸರದಿಂದ ಬಿತ್ತಿದವರ ಗಿಡಕ್ಕೆ ಕಾಯಿ ತುಂಬುವ ಹೊತ್ತಿಗೆ ಸರಿಯಾಗಿ ಹೊಳವು ಬೀಳುವ ಸಂಭವ ಹೆಚ್ಚು. ಜುಲೈ ಮಧ್ಯದ ನಂತರ ಬಿತ್ತಿದರೆ ಬೆಳೆ ಪೂರ್ತಿ ಕೈಬಿಡುವ ಸಂಭವ ಕಡಿಮೆ. ಇದು ಆ ಸೀಮೆಗೆ, ಆ ಬೆಳೆಗೆ ಬಂದ ಉತ್ತರ. ನಮ್ಮ ತೊಗರಿಗೋ ಹತ್ತಿಗೋ ಇದನ್ನು ಯಾರೂ ಹಚ್ಚಿಕೊಳ್ಳಬೇಡಿ.

ಈ ಲೆಕ್ಕಕ್ಕೆ ರೈತರು ತಕ್ಷಣ ತಲೆಯಾಡಿಸಲಿಲ್ಲ ಎಂಬುದೂ ಮುಖ್ಯ. ನಿಮ್ಮ ಕಂಪ್ಯೂಟರಿಗೆ ಹುಳ ಗೊತ್ತಿಲ್ಲ ಎಂಬುದು ಅವರ ತಕರಾರು. ಸುರುಳಿಪೂಚಿ ಎಂಬ ಹುಳ ಶೇಂಗಾ ಎಲೆಯೊಳಗೆ ಸುರಂಗ ಕೊರೆಯುತ್ತದೆ. ಬಹಳ ದಿನ ಮಳೆಯಿಲ್ಲದಿದ್ದರೆ ಅದು ಹೆಚ್ಚುತ್ತದೆ, ಜೋರು ಮಳೆ ಬಂದರೆ ತೊಳೆದುಹೋಗುತ್ತದೆ. ಆ ಮಾತನ್ನೂ ಕೇಳಿ, ಹುಳ ಹೆಚ್ಚಲು ಎಷ್ಟು ದಿನದ ಹೊಳವು ಬೇಕು ಎಂದು ವಿಚಾರಿಸಿ, ಅದನ್ನೂ ಲೆಕ್ಕದೊಳಗೆ ತಂದರು. ನನಗೆ ಈ ಹೆಣ್ಣುಮಗಳ ಬಗ್ಗೆ ಗೌರವ ಹುಟ್ಟಿದ್ದು 1980ರ ಆ ದೊಡ್ಡ ಬರಹದಿಂದಲ್ಲ, ಈ ಹುಳದ ಮಾತಿನಿಂದ. ಹಾರ್ವರ್ಡಿನಲ್ಲಿ ಓದಿದವರು ಪಾವಗಡದ ರೈತನ ತಕರಾರನ್ನು ಲೆಕ್ಕಕ್ಕೆ ತಂದುಕೊಂಡರು.

2006ರಲ್ಲಿ ಗಣಿತಜ್ಞರಾದ ಮಗ ಸಿದ್ಧಾರ್ಥ ಗಾಡ್ಗೀಳ್ ಅವರ ಜೊತೆ ಸೇರಿ ಅವರು ಇನ್ನೊಂದು ಲೆಕ್ಕ ಮುಂದಿಟ್ಟರು. ಸ್ವಾತಂತ್ರ್ಯದ ನಂತರ ದೊಡ್ಡ ಬರಗಾಲ ಬಂದಾಗಲೆಲ್ಲ ದೇಶದ ಒಟ್ಟು ಉತ್ಪನ್ನ ಶೇಕಡಾ 2ರಿಂದ 5ರಷ್ಟು ಕುಸಿದಿದೆ. ಕಾರ್ಖಾನೆ, ಕಚೇರಿ ಹೆಚ್ಚಿದ ಮೇಲೂ ಈ ಪೆಟ್ಟು ತಗ್ಗಲಿಲ್ಲ. ಇದಕ್ಕಿಂತ ನಮಗೆ ನಾಟುವ ಮಾತು ಇನ್ನೊಂದಿದೆ. ಬರ ಬಂದಾಗ ಆಗುವ ನಷ್ಟದಷ್ಟು ಲಾಭ ಒಳ್ಳೆಯ ಮಳೆ ಬಂದಾಗ ಆಗುತ್ತಿಲ್ಲ. ಏಕೆ? ಮಳೆ ನಂಬಿದ ರೈತ ಗೊಬ್ಬರಕ್ಕೆ, ಔಷಧಿಗೆ ಸಾಲ ಮಾಡಲು ಹೆದರುತ್ತಾನೆ. ಮಳೆ ಬಾರದಿದ್ದರೆ ಸಾಲವೂ ಹೋಯಿತು, ಬೆಳೆಯೂ ಹೋಯಿತು. ಹಾಗಾಗಿ ಒಳ್ಳೆಯ ಮಳೆ ಬಂದ ವರ್ಷವೂ ಹೊಲ ತನ್ನ ಶಕ್ತಿಯಷ್ಟು ಕೊಡುವುದಿಲ್ಲ. ಇದು ಸೋಮಾರಿತನವಲ್ಲ, ಲೆಕ್ಕ ಬಲ್ಲವನ ಎಚ್ಚರ ಎಂದು ಅವರು ಒಪ್ಪಿಕೊಂಡರು. ಈ ವರ್ಷ ಬರ ಬೀಳುವುದಿಲ್ಲ ಎಂದು ಗಟ್ಟಿಯಾಗಿ ಹೇಳಬಲ್ಲವರಿದ್ದರೆ ಅವನೂ ಧೈರ್ಯ ಮಾಡಿಯಾನು.

ಹಾಗೆ ಗಟ್ಟಿಯಾಗಿ ಹೇಳುವುದು ಎಷ್ಟು ಕಷ್ಟ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಪೆಸಿಫಿಕ್ ಸಮುದ್ರ ಕಾದರೆ, ಅಂದರೆ ಎಲ್ ನಿನೋ ಬಂದರೆ, ನಮ್ಮಲ್ಲಿ ಬರ ಎಂದು ಪತ್ರಿಕೆಗಳಲ್ಲಿ ಓದುತ್ತೀರಿ. 1997ರಲ್ಲಿ ಆ ಶತಮಾನದಲ್ಲೇ ದೊಡ್ಡದೆನ್ನುವಂಥ ಎಲ್ ನಿನೋ ಬಂತು. ದೇಶದಲ್ಲಿ ಮಳೆ ವಾಡಿಕೆಯಷ್ಟೇ ಆಯಿತು. 2002ರಲ್ಲಿ ಬಂದದ್ದು ಸಾಧಾರಣ ಎಲ್ ನಿನೋ. ಆದರೆ ಜುಲೈ ತಿಂಗಳ ಮಳೆ ಅರ್ಧಕ್ಕೆ ಅರ್ಧ ತಪ್ಪಿತು, ಇಡೀ ಮಳೆಗಾಲದಲ್ಲಿ ಶೇಕಡಾ 19 ಕೊರತೆ. ಏಕೆ ಹೀಗೆ? ಸುಲೋಚನಾ ಮತ್ತು ಜೊತೆಯವರು 2004ರಲ್ಲಿ ತೋರಿಸಿದ್ದು, ತಕ್ಕಡಿಗೆ ಇನ್ನೊಂದು ತಟ್ಟೆ ಇದೆ ಎಂದು. ಅದು ನಮ್ಮದೇ ಹಿಂದೂ ಮಹಾಸಾಗರ. ನಡುಗೆರೆಯ ಬಳಿ ಆಫ್ರಿಕಾ ಕಡೆಯ ಸಮುದ್ರದ ಮೇಲೆ ಮೋಡ ಹೆಚ್ಚಾಗಿ, ಸುಮಾತ್ರಾ ಕಡೆ ಕಡಿಮೆಯಾದರೆ ನಮಗೆ ಅನುಕೂಲ. ತಿರುಗಿದರೆ ಪ್ರತಿಕೂಲ. 1997ರಲ್ಲಿ ಅದು ಅನುಕೂಲವಾಗಿತ್ತು, 2002ರಲ್ಲಿ ಪ್ರತಿಕೂಲ. ಎರಡು ತಟ್ಟೆಯನ್ನೂ ನೋಡಿದರೆ ಮಾತ್ರ ತೂಕ ತಿಳಿಯುತ್ತದೆ.

2004ರಲ್ಲಿ ವಾಡಿಕೆಯಷ್ಟು ಮಳೆ ಎಂಬ ಮುನ್ಸೂಚನೆ ಹೊರಟಿತ್ತು. ಮಳೆ ಸುಮಾರು ಶೇಕಡಾ 13 ಕಡಿಮೆಯಾಯಿತು. ಮುನ್ಸೂಚನೆ ಮತ್ತೊಮ್ಮೆ ಏಕೆ ಸೋತಿತು ಎಂದು ಅವರು ತಮ್ಮ ಜೊತೆಯವರೊಡನೆ ಬಹಿರಂಗವಾಗಿಯೇ ಬರೆದರು. ತಮ್ಮ ಕೈಯಲ್ಲೂ ಉತ್ತರ ಪೂರ್ತಿ ಇಲ್ಲ ಎಂಬುದನ್ನು ಒಪ್ಪಿಕೊಂಡೇ ಬರೆದರು. ಇಷ್ಟು ಉಪಗ್ರಹ, ಇಷ್ಟು ಕಂಪ್ಯೂಟರು ಬಂದ ಮೇಲೂ, ನಾಲ್ಕು ದಿನದ ಮುನ್ಸೂಚನೆಯನ್ನು ನೀವು ಬಹಳ ಮಟ್ಟಿಗೆ ನಂಬಬಹುದು, ನಾಲ್ಕು ತಿಂಗಳ ಮುನ್ಸೂಚನೆಯನ್ನು ಕೇಳಿ ತಿಳಿದುಕೊಳ್ಳಬೇಕು ಅಷ್ಟೆ, ಅದರ ಮೇಲೆ ಸಾಲ ಮಾಡಬಾರದು. ಈ ಕೊನೆಯ ಮಾತು ನನ್ನದು, ಅವರದಲ್ಲ.

ಈಗ ಒಂದು ಕೋರಿಕೆ. ಅನಂತಪುರದ ಕಚೇರಿಯಲ್ಲಿ ಯಾರೋ ದಿನವೂ ಬೆಳಿಗ್ಗೆ ಮಳೆಮಾಪಕದ ನೀರು ಅಳೆದು ಪುಸ್ತಕದಲ್ಲಿ ಬರೆದಿಟ್ಟದ್ದರಿಂದ ಆ ಶೇಂಗಾ ಲೆಕ್ಕ ಸಾಧ್ಯವಾಯಿತು. ಬರೆದವರ ಹೆಸರು ಯಾರಿಗೂ ನೆನಪಿಲ್ಲ. ನಮ್ಮ ತೊಗರಿಗೂ ಹಾಗೆ ಲೆಕ್ಕ ಹಾಕುವವರು ಎಂದಾದರೂ ಬಂದರೆ ಅವರಿಗೆ ಬೇಕಾಗುವುದು ಇಂಥ ಪುಸ್ತಕವೇ. ಆದ್ದರಿಂದ ಬಾಯಿಯೂ ಬುಡವೂ ಒಂದೇ ಅಗಲವಿರುವ ಒಂದು ಡಬ್ಬಿಯನ್ನು ಮರ, ಮಾಡಿನ ನೆರಳು ಬೀಳದ ಕಡೆ ನೆಟ್ಟಗೆ ನಿಲ್ಲಿಸಿ. ಬೆಳಿಗ್ಗೆ ಎಂಟೂವರೆಗೆ ಒಳಗೆ ನಿಂತ ನೀರಿನ ಎತ್ತರವನ್ನು ಮಕ್ಕಳ ಶಾಲೆಯ ಪಟ್ಟಿಯಿಂದ ಅಳೆದು ಮಿಲಿಮೀಟರಿನಲ್ಲಿ ಬರೆದು, ನೀರು ಚೆಲ್ಲಿ ಮತ್ತೆ ಇಡಿ. ಪಕ್ಕದಲ್ಲೇ ತೊಗರಿ ಬಿತ್ತಿದ ದಿನ, ಹೂ ಬಿಟ್ಟ ದಿನ, ಹೊಳವು ಎಷ್ಟು ದಿನ ಬಿತ್ತು, ಎಷ್ಟು ಚೀಲ ಬಂತು ಎಂದೂ ಬರೆಯಿರಿ. ಕನ್ನಡದಲ್ಲಿ ಬರೆದರೂ ಸರಿ, ತೆಲುಗಿನಲ್ಲಿ ಬರೆದರೂ ಸರಿ. ಮಿರಗ ಹೂಡುವ ದಿನದಿಂದ ಶುರುಮಾಡಿ ದೀಪಾವಳಿಯವರೆಗೆ ಬರೆದದ್ದನ್ನು ಒಂದು ಹಾಳೆಯಲ್ಲಿ ನಮಗೆ ಕಳಿಸಿಕೊಡಿ. ಬಂದ ಕಾಗದಗಳನ್ನು ಊರಿನ ಹೆಸರು ಹೇಳಿ ಇದೇ ಕಾರ್ಯಕ್ರಮದಲ್ಲಿ ಓದುತ್ತೇವೆ.